ಗಾಲಿಗೆ ಹತ್ತದ ಸುಣ್ಣ

ನಮ್ಮ ಮನೆಯ ಬಾಗಿಲ ಹೊರಗೆ, ಮೂಲೆಗೆ ಒರಗಿಸಿಟ್ಟ ಛತ್ರಿಗೂ ಕಸಬರಿಗೆಗೂ ನಡುವೆ, ನನ್ನದೊಂದು ಜೊತೆ ಚರ್ಮದ ಚಪ್ಪಲಿ ಇರುತ್ತದೆ. ಅಥಣಿ ಕಡೆಯ ಕೈಹೊಲಿಗೆಯದು. ಹೊಸದಾಗಿದ್ದಾಗ ಕಿರ್ರೆಂದು ಸದ್ದು ಮಾಡುತ್ತ ನನಗಿಂತ ಮೊದಲೇ ತರಗತಿಯೊಳಗೆ ಹೋಗಿ ನನ್ನ ಬರುವಿಕೆಯನ್ನು ಸಾರುತ್ತಿತ್ತು. ಈಗ ನನ್ನ ಹಾಗೆಯೇ ಸವೆದು ಮೆತ್ತಗಾಗಿದೆ. ಅದರ ಎಡಗಾಲಿನ ಹೆಣಿಗೆಯ ಸಂದಿಯಲ್ಲಿ, ಹೆಬ್ಬೆರಳು ತೂರುವ ಉಂಗುರದ ಪಕ್ಕಕ್ಕೆ, ಅಕ್ಕಿಕಾಳಿನಷ್ಟು ಉದ್ದದ ಬಿಳಿಯ ಗುರುತೊಂದಿದೆ.

"ಒಂದ್ ಹನಿ ಎಣ್ಣಿ ಹಚ್ಚಿ ಒರಸಬಾರದೇನ್ರಿ ಅದನ್ನ? ನಿಮ್ಮ ಚಪ್ಪಲಿಗೂ ಕೂದಲ ಬೆಳ್ಳಗಾಗ್ಯಾವ ಅಂತಾರ ನೋಡಿದಾವ್ರು," ಎಂದು ಹೆಂಡತಿ ಸುನಂದಾ ವಾರಕ್ಕೊಮ್ಮೆಯಾದರೂ ಅನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ, ಒರೆಸುವುದಿಲ್ಲ. ಯಾಕೆ ಒರೆಸುವುದಿಲ್ಲ ಎಂದು ಅವಳಿಗೆ ಹೇಳಿದ್ದೇನೆ. ನಿಮಗೂ ಹೇಳಬೇಕು ಅನ್ನಿಸಿ ಕೂತಿದ್ದೇನೆ. ಆದರೆ ನಾನು ಹೇಳುವುದನ್ನು ಪೂರ್ತಿಯಾಗಿ ನಂಬಬೇಡಿರೆಂದು ಮೊದಲೇ ಕೇಳಿಕೊಳ್ಳುತ್ತೇನೆ. ಇದು ವಿನಯದ ಮಾತಲ್ಲ.

ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವನು. ಕಣ್ಣಾರೆ ಕಂಡೆನೆಂದು ಬರೆದವರ ಮಾತನ್ನೂ ಮೂರು ಸಲ ಸೋಸಿ ನೋಡಬೇಕೆಂದು ವರ್ಷವರ್ಷವೂ ಹೊಸ ಮುಖಗಳಿಗೆ ಹಳೆಯ ಪಾಠ ಹೇಳುತ್ತೇನೆ. ನೆನಪಿನ ಮೇಲೆ ನಂಬಿಕೆಯಿಲ್ಲದ್ದರಿಂದಲೇ ಇಪ್ಪತ್ತು ವರ್ಷಗಳಿಂದ ದಿನಚರಿ ಬರೆಯುತ್ತ ಬಂದಿದ್ದೇನೆ. ಬರೆದಿಟ್ಟರೆ ಸಾಕು, ಸತ್ಯ ಭದ್ರವಾಯಿತೆಂಬ ಧೈರ್ಯ. ಬರೆದದ್ದನ್ನು ತಿರುಗಿ ಓದುವ ಅಭ್ಯಾಸ ಮಾತ್ರ ಬೆಳೆಯಲಿಲ್ಲ.

ನನ್ನ ಜೊತೆ ಕಾಲೇಜು ಓದಿದ ಭೂಪಾಲನಿಗೆ ಬೋರಗಾಂವದಲ್ಲಿ ವಿದ್ಯುತ್ ಮಗ್ಗಗಳಿವೆ. ಮಗ್ಗ ಅವನ ಹೊಟ್ಟೆಪಾಡು. ಅವನ ಪ್ರಾಣವಿರುವುದು ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆಗಳ ವಿಡಿಯೋದಲ್ಲಿ. ನಮ್ಮ ಕಡೆ ಕಬ್ಬಿನ ಹಂಗಾಮು ಮುಗಿದು ಹೊಲಗಳು ಬಯಲಾದ ಮೇಲೆ ಇದೊಂದು ಪಂದ್ಯ ನಡೆಯುತ್ತದೆ. ಟ್ರ್ಯಾಕ್ಟರಿನ ಹಿಂದೆ ಒಂದಕ್ಕೊಂದು ಕಟ್ಟಿದ ಎರಡು ಖಾಲಿ ಟ್ರೇಲರುಗಳು. ನೆಲದ ಮೇಲೆ ಸುಣ್ಣದ ಪುಡಿಯಿಂದ ಎಳೆದ ಎರಡು ಗೆರೆಗಳ ಇಕ್ಕಟ್ಟಾದ ಹಾದಿ. ಆ ಹಾದಿಯಲ್ಲಿ ಹಿಂದುಹಿಂದಕ್ಕೆ ಬಂದು, ತಿರುವು ದಾಟಿ, ಕೊನೆಯ ಚೌಕದೊಳಗೆ ಮೂರನ್ನೂ ನಿಲ್ಲಿಸಬೇಕು. ಯಾರು ಬೇಗ ನಿಲ್ಲಿಸುತ್ತಾರೋ ಅವರದು ಬಹುಮಾನದ ಢಾಲು. ಗಾಲಿ ಗೆರೆಗೆ ತಾಗಿದರೆ ಬಾದ್, ಅಂದರೆ ಆಟದಿಂದ ಹೊರಗೆ.

ತಾಗಿತೋ ಇಲ್ಲವೋ ಎಂದು ತೀರ್ಮಾನಿಸಲು ಒಂದು ಪದ್ಧತಿಯಿದೆ. ಓಟಕ್ಕೆ ಮೊದಲು ಗಾಲಿಗಳಿಗೆ ನೀರು ಹೊಡೆಯುತ್ತಾರೆ. ಓಟ ಮುಗಿದ ಮೇಲೆ ಹಿರಿಯನೊಬ್ಬ ಪ್ರತಿ ಗಾಲಿಯ ಮುಂದೆ ಬಾಗಿ, ಒದ್ದೆ ರಬ್ಬರಿಗೆ ಸುಣ್ಣ ಹತ್ತಿದೆಯೇ ಎಂದು ಸುತ್ತಲೂ ನೋಡುತ್ತಾನೆ. ನೆಲದ ಗೆರೆಯನ್ನು ಯಾರೂ ಸಾಕ್ಷಿಗೆ ಕರೆಯುವುದಿಲ್ಲ. ನೋಡಲು ಬಂದ ನೂರಾರು ಜನ ಅದನ್ನು ತುಳಿದು ದಾಟುತ್ತಲೇ ಇರುತ್ತಾರೆ. ರಾಯಬಾಗ ತಾಲೂಕಿನ ಪಂದ್ಯಗಳಲ್ಲಿ ಬಹುಕಾಲದಿಂದ ಗಾಲಿ ನೋಡುತ್ತ ಬಂದ ಬಾಳಾಸಾಬ ಕಾಕಾ ಅನ್ನುವಂತೆ, "ನೆಲಾ ನೂರ ಮಂದಿ ಮಾತ ಕೇಳತೈತಿ. ಗಾಲಿ ತಂದಷ್ಟ ಹೇಳತೈತಿ."

ಭೂಪಾಲ ಪಂದ್ಯವನ್ನು ಚಿತ್ರೀಕರಿಸಿ, ಜೋಡಿಸಿ, ಲೋಕಕ್ಕೆ ಬಿಡುವ ಮೊದಲು ನನಗೆ ಕಳಿಸುತ್ತಾನೆ. "ಹಸೀದು ಕಳಿಸೇನಲೇ ಮಾಸ್ತರ, ನೋಡಿ ಬೇಯಿಸಿ ಕೊಡು" ಎಂದು ಅದರ ಹಿಂದೆ ಅವನ ದನಿ ಬರುತ್ತದೆ. ಆರಂಭದ ವಿಡಿಯೋಗಳಲ್ಲಿ ಹಾಡಿನ ಅಬ್ಬರಕ್ಕೆ ಫೋನೇ ನಡುಗುತ್ತಿತ್ತು. ಮಗ್ಗದ ಸದ್ದಿನಲ್ಲಿ ಬೆಳೆದ ಕಿವಿಗೆ ಅದು ಜೋಗುಳದಷ್ಟೇ ಇರಬೇಕು. ಹಾಡು ಇಳಿಸು, ಎಂಜಿನ್ನಿನ ದನಿ ಕೇಳಲಿ ಎಂದೆ, ಇಳಿಸಿದ. ಹೆಸರುಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ಹಾಕು ಎಂದೆ, ಹಾಕಿದ. ನಾನು ಉತ್ತರಪತ್ರಿಕೆ ತಿದ್ದುವ ಹಾಗೆ ನಿಮಿಷ ಸೆಕೆಂಡು ಗುರುತು ಹಾಕಿ, ಕೆಂಪು ಶಾಯಿಯಲ್ಲಿ ಷರಾ ಬರೆದು, ಹಾಳೆಯ ಫೋಟೋ ತೆಗೆದು ಕಳಿಸುತ್ತಿದ್ದೆ.

ಅಭಿಪ್ರಾಯ ಕೊಡುವುದರಲ್ಲಿ ಒಂದು ಮೆಲ್ಲನೆಯ ಅಮಲಿದೆ, ಬಲ್ಲಿರಾ? ಮಾಡಿದವನು ಬಿಸಿಲಲ್ಲಿ ನಿಂತಿರುತ್ತಾನೆ. ಹೇಳುವವನು ನೆರಳಲ್ಲಿ ಕೂತು ಬೆರಳಾಡಿಸಿದರೆ ಆಯಿತು. ಪಡೆಯುವುದು ಬೇರೆಯೇ ಸಂಗತಿ. ನಾನು ಕಾಲೇಜಿನ ಸಂಚಿಕೆಗೆ ಬರೆದ ಲೇಖನವೊಂದನ್ನು ಭೂಪಾಲನಿಗೆ ಓದಲು ಕೊಟ್ಟಿದ್ದೆ. "ಛಲೋ ಐತಿ. ಆದ್ರ ಯಾರಿಗಿ ಹೇಳಾಕತ್ತಿ ಅನ್ನೂದ ತಿಳೀಲಿಲ್ಲ," ಎಂದ. ಆ ಒಂದು ಮಾತು ಅಂಗಾಲಿನ ಮುಳ್ಳಿನಂತೆ ಒಂದು ತಿಂಗಳು ನನ್ನೊಡನೆ ನಡೆಯಿತು. ಅವನು ಮಾತ್ರ ನನ್ನ ಕೆಂಪು ಹಾಳೆಗಳನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅವನ ಆ ನಂಬಿಕೆಗೆ ನಾನು ಆಗಲೇ ಹೆದರಬೇಕಿತ್ತು.

ರಾಯಬಾಗದ ಕಡೆ ನಡೆದ ಪಂದ್ಯಕ್ಕೆ ಈ ಸಲ ನಾನೂ ಭೂಪಾಲನ ಜೊತೆ ಹೋಗಿದ್ದೆ. ಮುಗಳಖೋಡದ ಲಗಮಣ್ಣ ಗೆದ್ದ. ನಲವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಹಂಗಾಮಿನಲ್ಲಿ ಕಬ್ಬು ಹೇರಿ ಕಾರ್ಖಾನೆಗೆ ಹೋಗುವುದು, ಬಯಲಾದ ಮೇಲೆ ಪಂದ್ಯಕ್ಕೆ ಬರುವುದು. ಕಾಕಾ ಗಾಲಿ ನೋಡಿ ಕೈಯೆತ್ತಿದ. ಹಿತ್ತಾಳೆಯ ಟ್ರ್ಯಾಕ್ಟರು ಕೂರಿಸಿದ ಢಾಲನ್ನು ಲಗಮಣ್ಣ ಎದೆಗವಚಿ ಹಿಡಿದು ನಿಂತ. ನಾಲ್ಕು ದಿನ ಬಿಟ್ಟು ಭೂಪಾಲನ ಹಸಿ ವಿಡಿಯೋ ಬಂತು. ನಾನು ಬರೆದ ಹಾಳೆಯಲ್ಲಿ ಎರಡು ಷರಾಗಳಿದ್ದವು. ಒಂದು: ಪ್ರತಿ ಓಟದ ನಂತರವೂ ಮುದುಕ ಗಾಲಿಯ ಸುತ್ತ ಬಾಗುವ ಭಾಗ ಬೇಸರ ತರುತ್ತದೆ, ಎಲ್ಲವನ್ನೂ ತೆಗೆ. ಇನ್ನೊಂದು: ಲಗಮಣ್ಣನ ಓಟದ ತಿರುವಿನಲ್ಲಿ ಹಿಂದಿನ ಟ್ರೇಲರಿನ ಎಡಗಾಲಿ ಗೆರೆಗೆ ತಾಗಿದಂತೆ ಕಾಣುತ್ತದೆ, ಅಲ್ಲಿ ಗೆರೆಯೂ ಕದಡಿದೆ, ನಿಧಾನಿಸಿ ತೋರಿಸು, ಕುತೂಹಲ ಹುಟ್ಟುತ್ತದೆ.

ಕುತೂಹಲವೇನೋ ಹುಟ್ಟಿತು. ಭೂಪಾಲ ನಿಧಾನಿಸಿದ್ದಲ್ಲದೆ, ತನ್ನ ಉತ್ಸಾಹದ ಕಾಣಿಕೆಯಾಗಿ ಗಾಲಿಯ ಸುತ್ತ ಕೆಂಪು ವೃತ್ತವನ್ನೂ ಬರೆದಿದ್ದ. ಒಂದೇ ದಿನದಲ್ಲಿ ವಿಡಿಯೋದ ಕೆಳಗೆ ಜನ ನ್ಯಾಯಾಲಯ ಹೂಡಿದರು. ಗಾಲಿ ಹತ್ತೈತಿ ಎಂದೊಬ್ಬರು, ಕಾಕಾನ ಕಣ್ಣಿಗೆ ಪರೆ ಬಂದೈತಿ ಎಂದೊಬ್ಬರು, ಕಾಕಾನೂ ಅದೇ ಊರಿನ ಕಡೆಯವನಲ್ಲವೇ ಎಂದು ಮತ್ತೊಬ್ಬರು. ಎರಡನೆಯ ಸ್ಥಾನದವನ ಕಡೆಯವರು ಸಂಘಟಕರ ಮನೆಗೆ ಹೋದರು. ಸಂಘಟಕರು ಭೂಪಾಲನಿಗೆ ಫೋನು ಮಾಡಿದರು. ಭೂಪಾಲ ನನ್ನ ನಂಬರು ಕೊಟ್ಟ.

"ನೀವು ಅಲ್ಲೇ ಇದ್ರೇನ್ರಿ ಸರ್? ಹತ್ತಿದ್ದು ಖರೇನ?" ಎಂದಿತು ಆ ಕಡೆಯ ದನಿ.

"ಹೌದ್ರಿ, ಅಲ್ಲೇ ಇದ್ದೆ. ಕಣ್ಣಾರೆ ನೋಡೇನಿ," ಎಂದೆ.

ಸುಳ್ಳು ಹೇಳುತ್ತಿದ್ದೇನೆಂದು ನನಗೆ ಆಗ ಅನ್ನಿಸಲಿಲ್ಲ. ಇದನ್ನು ದಯವಿಟ್ಟು ಗಮನಿಸಿ. ಆ ತಿರುವು, ಧೂಳು, ಗಾಲಿಯ ಅಂಚಿನಲ್ಲಿ ಸುಣ್ಣ ಸಣ್ಣಗೆ ಹಾರಿದ್ದು, ಎಲ್ಲವೂ ಈ ಮೇಜಿನಷ್ಟೇ ಸ್ಪಷ್ಟವಾಗಿ ನನ್ನ ಕಣ್ಣ ಮುಂದಿತ್ತು. ಬಿಸಿಲು ಬೆನ್ನಿಗೆ ಬಡಿಯುತ್ತಿದ್ದುದೂ ನೆನಪಿತ್ತು.

ಕಾಲೇಜಿನ ಸರ್ ಸುಳ್ಳು ಯಾಕೆ ಹೇಳುತ್ತಾರೆ ಎಂದು ಸಂಘಟಕರು ಮೂರೇ ದಿನದಲ್ಲಿ ಲಗಮಣ್ಣನಿಂದ ಢಾಲು ತರಿಸಿಕೊಂಡರು. ಕಾಕಾನಿಗೆ ಇನ್ನು ಮನೆಯಲ್ಲಿರಿ ಎಂದರು. ತಿಂಗಳು ಬಿಟ್ಟು ಕಾಗವಾಡದ ಕಡೆ ನಡೆಯಲಿದ್ದ ಪಂದ್ಯದವರು, ಹೆಸರು ತೊಳೆದುಕೊಂಡು ಬರುವ ತನಕ ಲಗಮಣ್ಣನನ್ನು ಬರೆದುಕೊಳ್ಳುವುದಿಲ್ಲ ಎಂದರು. ಈ ಸುದ್ದಿ ಹೇಳುವಾಗ ಭೂಪಾಲನ ದನಿ ಮೊದಲ ಬಾರಿಗೆ ಸಣ್ಣದಾಗಿತ್ತು. "ಮಂದಿ ಅವಗ ಬಾದ್ ಲಗಮಣ್ಣ ಅನ್ನಾಕತ್ತಾರಂತ. ಅಲ್ಲಲೇ, ನೀ ನೋಡಿದ್ದು ಖರೇ ಹೌದಲ್ಲೊ?"

"ಹೌದೋ ಮಾರಾಯಾ," ಎಂದೆ.

ಊಟಕ್ಕೆ ಕೂತಾಗ ಸುನಂದಾ, "ಲಗಮಣ್ಣನ ಪಾಳಿ ನೋಡೂದು ತಪ್ಪಿತು ಅಂತ ಅವತ್ತು ಹಳಹಳಿಸಿದ್ರಿ, ಈಗ ನೋಡೇನಿ ಅಂತೀರಿ," ಎಂದಳು. ನಾನು ಹಾಗೆ ಅಂದೇ ಇಲ್ಲವೆಂದೆ. "ಮತ್ತ ಆ ಡೈರಿ ಬರಿಯೂದು ಯಾತಕ್ಕ, ತಗದು ನೋಡೂದಿಲ್ಲಂದ್ರ?" ಎಂದು ಅವಳು ಸಾರು ಬಡಿಸಿದಳು.

ತೆಗೆದು ನೋಡಿದೆ. ಪಂದ್ಯದ ದಿನದ ಪುಟದಲ್ಲಿ ನನ್ನದೇ ಅಕ್ಷರ: "ಲಗಮಣ್ಣನ ಪಾಳಿ ಬಂದಾಗ ನಾನು ಆಚೆ ಬದಿಯ ಗಾಡಿಯಲ್ಲಿ ಭಡಂಗ ಕಟ್ಟಿಸುತ್ತಿದ್ದೆ. ಜನರ ಕೇಕೆ ಕೇಳಿ ಓಡಿ ಬರುವಷ್ಟರಲ್ಲಿ ಓಟ ಮುಗಿದು ಕಾಕಾ ಗಾಲಿ ನೋಡುತ್ತಿದ್ದ. ಒಳ್ಳೆಯದೊಂದನ್ನೇ ತಪ್ಪಿಸಿಕೊಂಡೆ."

ಭಡಂಗ ಅಂದರೆ ಖಾರ ಹಾಕಿದ ಚುರುಮುರಿ. ಅದರ ಪೊಟ್ಟಣ ಕಟ್ಟಿಸುತ್ತ ಗಾಡಿಯ ಮುಂದೆ ನಿಂತಿದ್ದವನು ನಾನು. ಕಣ್ಣಾರೆ ಕಂಡೆನೆಂದು ಆಣೆಯಿಟ್ಟ ದೃಶ್ಯವನ್ನು ನಾನು ಕಂಡದ್ದು ಭೂಪಾಲನ ವಿಡಿಯೋದಲ್ಲಿ, ನಮ್ಮ ಮನೆಯ ಕುರ್ಚಿಯಲ್ಲಿ; ಬಹುಶಃ ಹತ್ತು ಸಲ ನಿಲ್ಲಿಸಿ ನಿಲ್ಲಿಸಿ. ಆ ಹತ್ತು ನೋಟಗಳನ್ನು ನೆನಪು ಮೆಲ್ಲಗೆ ಬಯಲಿಗೆ ಹೊತ್ತೊಯ್ದು, ಮೇಲೆ ಧೂಳು ಹಾರಿಸಿ, ಬೆನ್ನಿಗೆ ಬಿಸಿಲು ಬಡಿಸಿ, ನನ್ನನ್ನು ಗೆರೆಯ ಪಕ್ಕದಲ್ಲಿ ನಿಲ್ಲಿಸಿತ್ತು.

ಭೂಪಾಲನಿಗೆ ಫೋನು ಮಾಡಿದೆ. ಗಾಲಿ ನೋಡಿದ ಭಾಗ ಎಲ್ಲಿದೆ, ಕಾಕಾ ಬಾಗಿದ್ದು, ಅದರಲ್ಲಿ ರಬ್ಬರು ಸ್ವಚ್ಛವಿದ್ದರೆ ಎಲ್ಲ ಬಗೆಹರಿಯುತ್ತದೆ ಎಂದೆ.

"ಎಲ್ಲೈತಿ? ತೆಗಿ ಅಂದಿ, ತೆಗದೆ. ಫೋನ್ ತುಂಬಿತ್ತು, ಅಳಿಸೇ ಬಿಟ್ಟೆ." ಅವನೇ ಮತ್ತೆ ಅಂದ, "ನೀ ಬೇಸರ ಅಂದಿದ್ದೆಲೇ ಮಾಸ್ತರ."

ನನ್ನ ಒಂದು ಷರಾ ಆರೋಪ ಮಾಡಿತ್ತು, ಇನ್ನೊಂದು ಸಾಕ್ಷಿಯನ್ನು ಅಳಿಸಿತ್ತು. ಎರಡೂ ಒಂದೇ ಹಾಳೆಯಲ್ಲಿ, ಒಂದೇ ಶಾಯಿಯಲ್ಲಿ, ಒಳ್ಳೆಯ ಉದ್ದೇಶದಿಂದಲೇ. ಆ ವಾರವೆಲ್ಲ ನಾನು ಪಾಠ ಹೇಳಿದೆನೆಂದು ದಿನಚರಿ ಹೇಳುತ್ತದೆ. ಏನು ಹೇಳಿದೆನೋ ಗೊತ್ತಿಲ್ಲ. ಎರಡು ಟ್ರೇಲರುಗಳನ್ನು ಹಿಂದಕ್ಕೆ ನಡೆಸುವವನ ಕಷ್ಟ ಮಾತ್ರ ಮತ್ತೆ ಮತ್ತೆ ಮನಸ್ಸಿಗೆ ಬರುತ್ತಿತ್ತು. ಚಾಲಕ ತಿರುಗಿಸಿದ್ದನ್ನು ಮೊದಲ ಟ್ರೇಲರು ಉಲ್ಟಾ ಮಾಡಿ ಕೇಳುತ್ತದೆ. ಅದು ಹೇಳಿದ್ದನ್ನು ಎರಡನೆಯದು ಮತ್ತೆ ತನ್ನ ಇಷ್ಟದಂತೆ ತಿರುಗಿಸಿಕೊಳ್ಳುತ್ತದೆ. ನನ್ನ ಮಾತು ಭೂಪಾಲನ ಕೊಂಡಿಯಲ್ಲಿ ಕೆಂಪು ವೃತ್ತವಾಯಿತು, ಊರ ಜನರ ಕೊಂಡಿಯಲ್ಲಿ ತೀರ್ಪಾಯಿತು. ತಿರುಗಿಸುವಾಗ ಕೊನೆಯ ಗಾಲಿ ಎಲ್ಲಿ ಹೋಗಿ ನಿಂತೀತೆಂದು ಲಗಮಣ್ಣ ಪ್ರತಿ ಅಂಗುಲಕ್ಕೂ ಕತ್ತು ಹೊರಳಿಸಿ ನೋಡುತ್ತಾನೆ. ನಾನು ಒಂದು ಸಲವೂ ತಿರುಗಿ ನೋಡಿರಲಿಲ್ಲ.

ಭಾನುವಾರ ಮುಂಜಾನೆ ಭೂಪಾಲನ ಮೋಟಾರು ಸೈಕಲ್ಲಿನ ಹಿಂದೆ ಕೂತು ಮುಗಳಖೋಡಕ್ಕೆ ಹೋದೆ. ದಾರಿಯುದ್ದಕ್ಕೂ, ಲಗಮಣ್ಣ ಮನೆಯಲ್ಲಿರದಿದ್ದರೆ ಚೆನ್ನಾಗಿತ್ತು ಎಂದುಕೊಂಡೆ. ಇದ್ದ. ಅಂಗಳದಲ್ಲಿ ಟ್ರೇಲರಿನ ಕೊಂಡಿಗೆ ಗ್ರೀಸು ಹಚ್ಚುತ್ತಿದ್ದ. "ಬರ್ರಿ," ಎಂದ, ತಲೆಯೆತ್ತದೆ. ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತೆವು. ಅವನ ಹೆಂಡತಿ ನೀರು ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

"ಲಗಮಣ್ಣಾ, ನಾ ನೋಡಿದ್ದಿಲ್ರಿ," ಎಂದೆ.

"ಏನ ನೋಡಿದ್ದಿಲ್ರಿ?"

"ಗಾಲಿ ಗೆರಿಗೆ ಹತ್ತಿದ್ದು."

"ಹತ್ತಿದ್ದು ನೋಡಿಲ್ಲೋ, ಗಾಲಿ ಹತ್ತೇ ಇಲ್ಲೋ? ಎರಡೂ ಬ್ಯಾರೆ ಅದಾವ್ರಿ ಸರ್."

ಇತಿಹಾಸದ ಮೇಷ್ಟರಿಗೆ ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿಲ್ಲ. "ಹತ್ತಿತ್ತೋ ಇಲ್ಲೋ ನನಗ ಗೊತ್ತಿಲ್ಲ. ನಿಮ್ಮ ಪಾಳಿ ಬಂದಾಗ ನಾ ಭಡಂಗ ತರಾಕ ಹೋಗಿದ್ದೆ," ಎಂದೆ.

ಬಾಗಿಲಲ್ಲಿದ್ದ ಹೆಂಗಸು, "ಭಡಂಗ ಅಷ್ಟ ರುಚಿ ಇತ್ತೇನ್ರಿ ಸರ್? ನಮ್ಮ ಢಾಲು ಕೊಟ್ಟು ತಿಂದ್ರೆಲ್ಲಾ," ಎಂದು ಒಳಗೆ ಹೋದಳು. ಲಗಮಣ್ಣ ಗ್ರೀಸಿನ ಕೈಯನ್ನು ಅರಿವೆಗೆ ಒರೆಸುತ್ತ ಒರೆಸುತ್ತ, "ಢಾಲು ಹೋದ್ರ ಹೋಗಲಿ ತಗೋರಿ. ಕಾಕಾ ಅವತ್ತಿನಿಂದ ಹೊರಗ ಬಂದಿಲ್ಲ. ನನ್ನ ಕಣ್ಣು ಹೋಗ್ಯಾವ ಅಂತ ಈಗ ಅವನೂ ನಂಬ್ಯಾನ," ಎಂದ.

ನನ್ನ ಸುಳ್ಳು ನೆನಪು ಇನ್ನೊಬ್ಬನ ನಿಜವಾದ ನೋಟವನ್ನೂ ಕೆಡಿಸಿತ್ತು.

ನಾನು ನೋಡಿರಲಿಲ್ಲವೆಂಬುದನ್ನು ನಾನೇ ಹೇಳಿ, ಭೂಪಾಲ ಅದನ್ನು ಚಿತ್ರೀಕರಿಸಿ ಎಲ್ಲರಿಗೂ ಕಾಣುವಂತೆ ಹಾಕುವುದೆಂದು ಮಾತಾಯಿತು. ಟ್ರ್ಯಾಕ್ಟರಿನ ಮುಂದೆ ನಿಂತೆ. ನೆನಪಿನ ಸ್ವಭಾವ, ಸಾಕ್ಷ್ಯದ ಮಿತಿ, ದೂರದಿಂದ ಎಳೆದು ತೋರಿಸುವ ಕ್ಯಾಮೆರಾ ಗಾಲಿಗೂ ಗೆರೆಗೂ ನಡುವಿನ ಅಂತರವನ್ನು ನುಂಗುವ ಬಗೆ, ಹೀಗೆ ತರಗತಿಯಲ್ಲಿ ಹೇಳುವಂತೆ ಹೇಳಿದೆ. ಭೂಪಾಲ ಫೋನನ್ನು ಲಗಮಣ್ಣನ ಕೈಗಿತ್ತ. ಅವನು ಪೂರ್ತಿ ನೋಡಿದ, ಕತ್ತು ಓರೆ ಮಾಡಿ, ರಿವರ್ಸ್ ಹೊಡೆಯುವಾಗ ನೋಡುವ ಹಾಗೆ.

"ಭಾಳ ಉದ್ದ ಆತ್ರಿ ಸರ್," ಎಂದ.

ಎರಡನೆಯ ಸಲ ಅರ್ಧಕ್ಕಿಳಿಸಿದೆ. ಅದನ್ನೂ ನೋಡಿದ. "ಇದರಾಗ ನೀವ ಶಾಣ್ಯಾ ಕಾಣ್ತೀರಿ. ತಪ್ಪ ಮಾಡಿದಾವ್ರ ಹಂಗ ಕಾಣವಲ್ರಿ. ನಾ ನೋಡಿಲ್ಲ, ನೋಡೇನಿ ಅಂದೆ, ಕಾಕಾ ನೋಡಿದ್ದ ಖರೇ ಅನ್ರಿ. ಸಾಕು."

ಕೆಂಪು ಶಾಯಿಯ ರುಚಿ ಹೀಗಿರುತ್ತದೆ ಎಂದು ಅಂದು ತಿಳಿಯಿತು. ಮೂರನೆಯ ಸಲ ಅಷ್ಟನ್ನೇ ಹೇಳಿದೆ. ಲಗಮಣ್ಣ ಅದನ್ನೂ ನೋಡಿ ಫೋನನ್ನು ತಿರುಗಿ ಕೊಟ್ಟ. ಭೂಪಾಲ ಅಲ್ಲೇ ನಿಂತು ಹಳೆಯ ವಿಡಿಯೋ ಅಳಿಸಿ ಹೊಸದನ್ನು ಹಾಕಿದ.

ಹೊರಡಲು ಚಪ್ಪಲಿಗೆ ಕಾಲು ತೂರಿಸುವಾಗ, "ತಡೀರಿ ಸರ್," ಎಂದ ಲಗಮಣ್ಣ. ಗಾಲಿಯ ಮುಂದೆ ಕಾಕಾ ಬಾಗುವ ಹಾಗೆ ಮೊಣಕಾಲಿಗೆ ಕೈಯೂರಿ ಬಾಗಿ ನನ್ನ ಪಾದಗಳನ್ನೇ ನೋಡಿದ. "ಭಡಂಗದ ಗಾಡಿ ಹಾದಿ ಆಚೀ ಕಡೆ ಇತ್ತಲ್ರಿ?"

"ಹೌದ್ರಿ," ಎಂದೆ.

"ತಿರುವಿನಾಗ ದಾಟಿದ್ರೇನು?"

ನೆನಪಾಗಲಿಲ್ಲ. ನೆನಪಾಗಿದ್ದರೂ ಹೇಳುವ ಧೈರ್ಯ ಉಳಿದಿರಲಿಲ್ಲ. ಅವನು ಹೆಣಿಗೆಯ ಸಂದಿಯ ಬಿಳಿಯ ಗುರುತಿನತ್ತ ಗಲ್ಲ ಆಡಿಸಿ ತೋರಿಸಿದ. "ನಿಮ್ಮ ಗಾಲಿಗೆ ಹತ್ತೈತ್ರಿ," ಎಂದು ನಿಧಾನಕ್ಕೆ ನೆಟ್ಟಗಾದ. "ಬಾದ್."

ಭೂಪಾಲ ನಕ್ಕುಬಿಟ್ಟ. ಲಗಮಣ್ಣ ನಗಲಿಲ್ಲ. ನಾನು ಏನು ಮಾಡಿದೆನೆಂದು ದಿನಚರಿಯಲ್ಲಿ ಬರೆದಿಲ್ಲ.

ವಿಡಿಯೋದಲ್ಲಿ ಕದಡಿ ಕಂಡ ಗೆರೆಯನ್ನು ಕದಡಿದ್ದು ನನ್ನದೇ ಕಾಲೇ? ಗೊತ್ತಿಲ್ಲ, ಅಲ್ಲಿ ನೂರು ಕಾಲುಗಳು ದಾಟಿದ್ದವು. ಕಾಗವಾಡದವರು ಲಗಮಣ್ಣನ ಹೆಸರು ಬರೆದುಕೊಂಡರು; ಗಾಲಿ ನೋಡಲು ಕಾಕಾನನ್ನೇ ಜೀಪು ಕಳಿಸಿ ಕರೆಸಿದರೆಂದು ಭೂಪಾಲ ಹೇಳಿದ. ಲಗಮಣ್ಣ ಗೆಲ್ಲಲಿಲ್ಲ, ಮೂರನೆಯವನಾದ. ರಾಯಬಾಗದ ಢಾಲು ಇನ್ನೂ ಸಂಘಟಕರ ಕಪಾಟಿನಲ್ಲೇ ಇದೆ. ಕೇಳಿದಾಗಲೆಲ್ಲ ಸಭೆ ಕರೀತೇವ್ರಿ ಎನ್ನುತ್ತಾರೆ. ಕೆಂಪು ವೃತ್ತದ ಹಳೆಯ ತುಣುಕನ್ನು ಯಾರೋ ಇಳಿಸಿಟ್ಟುಕೊಂಡಿದ್ದರಂತೆ. ಅದು ಈಗಲೂ ಎಲ್ಲೆಲ್ಲೋ ಕೈಯಿಂದ ಕೈಗೆ ಓಡಾಡುತ್ತಿದೆ. ಫೋನು ಸದ್ದಾದರೆ ಸಾಕು, ಅದೇ ಬಂತೇನೋ ಎಂದು ತೆಗೆದು ನೋಡುತ್ತೇನೆ.

ಕಾಗವಾಡದ ಹಸಿ ವಿಡಿಯೋ ಮೊನ್ನೆ ಬಂತು. ಲಗಮಣ್ಣನ ಓಟ ಮುಗಿದ ಮೇಲೆ ಕಾಕಾ ಎಂಟೂ ಗಾಲಿಗಳ ಮುಂದೆ, ಅವಸರವಿಲ್ಲದೆ, ಮೂಗು ತಾಗುವಷ್ಟು ಹತ್ತಿರ ಬಾಗುತ್ತಾನೆ. ತುಂಬ ದೀರ್ಘ. ಬೆರಳು ತಾನಾಗಿ ಪೆನ್ನಿನ ಕಡೆ ಹೋಯಿತು. ಕೊನೆಗೆ ಬರೆದು ಕಳಿಸಿದ್ದು ಒಂದೇ ಸಾಲು: ಇದನ್ನು ತೆಗೆಯಬೇಡ.

ಇಷ್ಟು ಬರೆದು, ಓದುವ ಅಭ್ಯಾಸವಿಲ್ಲದವನು ಇಂದು ಪಟ್ಟು ಹಿಡಿದು ಮೊದಲಿನಿಂದ ಓದಿದೆ. ಎಡಗಾಲಿನದು, ಅಕ್ಕಿಕಾಳಿನಷ್ಟು ಎಂದು ಆರಂಭದಲ್ಲಿ ಹೇಳಿದ್ದೇನಲ್ಲ, ಎದ್ದು ಬಾಗಿಲಿಗೆ ಹೋಗಿ ಚಪ್ಪಲಿಯನ್ನು ಬೆಳಕಿಗೆ ಹಿಡಿದು ನೋಡಿ ಬಂದೆ. ಎಳ್ಳಿನಷ್ಟಿದೆ, ಬಲಗಾಲಿನದು. ಮೇಲಿನ ಸಾಲನ್ನು ತಿದ್ದಿಲ್ಲ. ನೀವೂ ಒಮ್ಮೆ ಬಾಗಿ ನೋಡಲಿ ಎಂದು ಹಾಗೆಯೇ ಬಿಟ್ಟಿದ್ದೇನೆ.